ತೋಟದ ಮನೆಯ ಕೋಣೆಯಲ್ಲಿ ಉಳಿದ ಸಿಂಥೆಟಿಕ್ ಆಯಿಲ್: ಪುತ್ತೂರಿನ ಒಂದು ಪ್ರಕರಣ

ಪುತ್ತೂರಿನಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಒಂದು ಮನೆ. ಅಲ್ಲಿ 1.2 ಲೀಟರ್ ಎಂಜಿನ್ನಿನ ಪೆಟ್ರೋಲ್ ಕಾರು ಇದೆ. 2021ರಲ್ಲಿ ತೆಗೆದುಕೊಂಡ ಬಿಎಸ್6 ಡೀಸೆಲ್ ಎಸ್‌ಯುವಿ ಇದೆ. ಒಂದು ಹಳೆಯ ಬೈಕು, ಒಂದು ಟಿಲ್ಲರ್ ಕೂಡ ಇವೆ. ಮನೆಯ ಯಜಮಾನರು ಅರವತ್ತು ದಾಟಿದವರು. ನಾನು ಅವರನ್ನು ಅಣ್ಣ ಎಂದೇ ಕರೆಯುವುದು. ಮಗ ಬೆಂಗಳೂರಿನಲ್ಲಿದ್ದಾನೆ. ಆನ್‌ಲೈನಿನಲ್ಲಿ ಆಫರ್ ಬಂದಾಗೆಲ್ಲ ಎಂಜಿನ್ ಆಯಿಲ್ ತರಿಸಿ ಊರಿಗೆ ಕಳಿಸುತ್ತಾನೆ. ಒಳ್ಳೆಯ ಫುಲ್ ಸಿಂಥೆಟಿಕ್ ಆಯಿಲ್. ಆದರೆ ಅಷ್ಟು ಓಡಾಟ ಆ ಮನೆಯಲ್ಲಿ ಇಲ್ಲ. ಹಾಗಾಗಿ ಡಬ್ಬಿಗಳು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಸೇರುತ್ತಾ ಹೋದವು.

2024ರ ಅಕ್ಟೋಬರಿನಲ್ಲಿ, ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅಣ್ಣ ಪೆಟ್ರೋಲ್ ಕಾರಿನ ಆಯಿಲ್ ಹಾಕುವ ಮುಚ್ಚಳ ತೆರೆದು ನೋಡಿದರು. ಮುಚ್ಚಳದ ಒಳಗೆ ಹಾಲು ಕಾಫಿ ಬಣ್ಣದ ಲೋಳೆ ಅಂಟಿತ್ತು. ಪೇಟೆಯಲ್ಲಿ ಒಂದು ಕಡೆ ತೋರಿಸಿದರು. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿರುವ ಸೀಲ್) ಹೋಗಿದೆ, ಹೆಡ್ ಇಳಿಸಬೇಕು ಎಂದು ಹೇಳಿ ಕಳಿಸಿದರಂತೆ. ಅಣ್ಣನಿಗೆ ಅನುಮಾನ ಬೇರೆ. ಕೆಲವು ತಿಂಗಳ ಹಿಂದೆ ಆಯಿಲ್ ಕಡಿಮೆ ಕಂಡು, ಕೋಣೆಯಲ್ಲಿದ್ದ ತೆರೆದ ಡಬ್ಬಿಯಿಂದ ಸುಮಾರು 300 ಮಿಲಿ ಸುರಿದಿದ್ದರು.

"ಸಿಂಥೆಟಿಕ್ ಅಂದ್ರೆ ಹಾಳಾಗುವುದಿಲ್ಲ ಅಂತ ಅಲ್ವಾ ಹೇಳುವುದು ಮಾರಾಯ? ಇದೆಂತ ಆದ್ದು?" ಎಂದು ಕೇಳಿದರು.

ವಾಹನ ರಿಪೇರಿ ನನ್ನ ಕಸುಬು. ಈ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಎಷ್ಟೋ ಜನ ಕೇಳಿದ್ದಾರೆ. ಈ ಮನೆಯಲ್ಲಿ ಅದರ ಎಲ್ಲ ಮುಖಗಳೂ ಒಂದೇ ಕಡೆ ಸಿಕ್ಕವು. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಲೋಳೆ ಎಲ್ಲಿಂದ ಬಂತು

ಲೋಳೆ ಎಂದರೆ ಆಯಿಲ್ ಮತ್ತು ನೀರು ಸೇರಿ ಆದದ್ದು. ಅದರಲ್ಲಿ ಸಂಶಯ ಇಲ್ಲ. ನೀರು ಎಲ್ಲಿಂದ ಬಂತು ಎನ್ನುವುದಷ್ಟೇ ಪ್ರಶ್ನೆ. ಎಂಜಿನ್ ತಂಪು ಮಾಡುವ ದ್ರವ, ಅಂದರೆ ಕೂಲಂಟ್ ಸೋರಿ ಬಂದಿರಬಹುದು. ಡಬ್ಬಿಯಿಂದ ಬಂದಿರಬಹುದು. ಎಂಜಿನ್ ತಾನೇ ಮಾಡಿಕೊಂಡಿರಬಹುದು.

ಮೊದಲು ಗ್ಯಾಸ್ಕೆಟ್ ವಿಷಯ ನೋಡಿದೆವು. ಗ್ಯಾಸ್ಕೆಟ್ ಹೋಗಿ ಕೂಲಂಟ್ ಆಯಿಲ್‌ಗೆ ಸೇರಿದ್ದರೆ ಬರೀ ಮುಚ್ಚಳದಲ್ಲಿ ಲೋಳೆ ನಿಲ್ಲುವುದಿಲ್ಲ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದರೆ ಅದರಲ್ಲೂ ಮಂದವಾದ, ಮಬ್ಬು ಬಣ್ಣದ ಆಯಿಲ್ ಬರಬೇಕು. ಇಲ್ಲಿ ಡಿಪ್‌ಸ್ಟಿಕ್ ತುದಿಯ ಆಯಿಲ್ ಕಪ್ಪಾಗಿತ್ತು, ಆದರೆ ಮಬ್ಬಾಗಿರಲಿಲ್ಲ. ಕೂಲಂಟ್ ಟ್ಯಾಂಕಿನ ಹೊರಗೆ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದು ಒಂದು ವಾರ ಬಿಟ್ಟೆವು. ಪ್ರತಿದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡಿದರೆ ಮಟ್ಟ ಕದಲಿರಲಿಲ್ಲ. ಕೂಲಂಟ್ ಮೇಲೆ ಎಣ್ಣೆಯ ಪದರ ಇರಲಿಲ್ಲ. ಸ್ಟಾರ್ಟ್ ಮಾಡಿದಾಗ ಗುಳ್ಳೆ ಏಳುತ್ತಿರಲಿಲ್ಲ. ಎಂಜಿನ್ ಬಿಸಿಯಾದ ಮೇಲೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ಸಿಲಿಂಡರುಗಳ ಕಂಪ್ರೆಷನ್ (ಒಳಗಿನ ಒತ್ತಡ) ಕೂಡ ನೋಡಿದೆವು. ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮ ಇತ್ತು. ಹೆಡ್ ಇಳಿಸುವ ಖರ್ಚು ಸಣ್ಣದಲ್ಲ. ಇಷ್ಟು ನೋಡದೆ ಹೆಡ್‌ಗೆ ಕೈ ಹಾಕಬಾರದು, ಇದನ್ನು ನಾನು ಯಾರಿಗಾದರೂ ಗಟ್ಟಿಯಾಗಿಯೇ ಹೇಳುತ್ತೇನೆ.

ಇನ್ನು ಡಬ್ಬಿಯ ಲೆಕ್ಕ. ಹಾಕಿದ್ದು 300 ಮಿಲಿ. ಅದರಲ್ಲಿ ನೂರಕ್ಕೆ ಒಂದು ಭಾಗ ನೀರಿತ್ತು ಎಂದೇ ಇಟ್ಟುಕೊಳ್ಳಿ. ಆಯಿಲ್ ಮಟ್ಟಿಗೆ ಅದು ತುಂಬಾ ಜಾಸ್ತಿ. ಆದರೂ ಲೆಕ್ಕ ಹಾಕಿದರೆ ಬರುವುದು 3 ಮಿಲಿ ನೀರು. ಒಂದು ಲಾಂಗ್ ಡ್ರೈವ್ ಹೋದರೆ ಅದು ಆವಿಯಾಗಿ ಹೋಗುತ್ತದೆ.

ಈಗ ಎಂಜಿನ್ನಿನ ಲೆಕ್ಕ ನೋಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಆಗುವ ನೀರು ಅದು. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ, ಆಯಿಲ್ ಇರುವ ಕಡೆಗೆ ನುಸುಳುತ್ತದೆ. ಎಂಜಿನ್ ತಣ್ಣಗಿದ್ದಾಗ ಅದು ಅಲ್ಲೇ ಹನಿಯಾಗುತ್ತದೆ. ಆಯಿಲ್ 90ರಿಂದ 100 ಡಿಗ್ರಿ ತಲುಪಿ ಸ್ವಲ್ಪ ಹೊತ್ತು ಹಾಗೇ ಇದ್ದರೆ ಈ ನೀರು ಮತ್ತೆ ಆವಿಯಾಗಿ, ಎಂಜಿನ್ ಒಳಗಿನ ಆವಿಯನ್ನು ಹೊರಗೆ ಬಿಡುವ ಪಿಸಿವಿ ವಾಲ್ವಿನ ದಾರಿಯಿಂದ ಹೊರಟು ಹೋಗುತ್ತದೆ. ಕಾರು ಅಷ್ಟು ಹೊತ್ತು ಓಡದಿದ್ದರೆ ಅಲ್ಲೇ ಉಳಿಯುತ್ತದೆ.

ಈ ಕಾರಿನ ಓಡಾಟ ಹೇಗೆ? ಬೆಳಿಗ್ಗೆ ಹಾಲಿನ ಸೊಸೈಟಿಗೆ ಎರಡು ಕಿಲೋಮೀಟರ್. ವಾರಕ್ಕೊಮ್ಮೆ ಪೇಟೆಗೆ. ಮಳೆಗಾಲದಲ್ಲಿ ಅದೂ ಕಡಿಮೆ. ವರ್ಷಕ್ಕೆ ಎರಡೂವರೆ ಸಾವಿರ ಕಿಲೋಮೀಟರ್ ಆದರೆ ಹೆಚ್ಚು. "ಟೆಂಪರೇಚರ್ ಮುಳ್ಳು ಸರಿ ನಡುವಿಗೆ ಬರುತ್ತದಲ್ಲ" ಎಂದರು ಅಣ್ಣ. ಆ ಮುಳ್ಳು ತೋರಿಸುವುದು ಕೂಲಂಟ್ ಬಿಸಿಯನ್ನು. ಆಯಿಲ್ ಬಿಸಿಯಾಗಲು ಅದಕ್ಕಿಂತ ತುಂಬಾ ಹೊತ್ತು ಬೇಕು. ಮುಳ್ಳು ಐದಾರು ನಿಮಿಷಕ್ಕೆ ಏರಿದರೂ ಆಯಿಲ್ ಸರಿಯಾಗಿ ಬಿಸಿಯಾಗಲು ಹದಿನೈದು, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಕಾರು ಸೊಸೈಟಿಗೆ ಹೋಗಿ ಮನೆಗೆ ಬಂದು ನಿಂತಿರುತ್ತದೆ. ಆಯಿಲ್ ಮುಚ್ಚಳ ಎಂಜಿನ್ನಿನ ತಣ್ಣಗಿನ ಜಾಗ. ಆವಿ ಅಲ್ಲಿಯೇ ಹೋಗಿ ಹನಿಯಾಗುತ್ತದೆ.

ಇದರ ಜೊತೆ ಇನ್ನೊಂದು ವಿಷಯ. ಕೊನೆಯ ಬಾರಿ ಆಯಿಲ್ ಬದಲಿಸಿದ್ದು 2022ರ ಆಗಸ್ಟಿನಲ್ಲಿ. ಎರಡು ವರ್ಷ ದಾಟಿತ್ತು. ಸಿಂಥೆಟಿಕ್ ಹದಿನೈದು ಸಾವಿರ ಕಿಲೋಮೀಟರ್ ಬರುತ್ತದೆ, ಐದು ಸಾವಿರವೂ ಆಗಿಲ್ಲ, ಮತ್ಯಾಕೆ ಬದಲಿಸಬೇಕು ಎನ್ನುವುದು ಅಣ್ಣನ ವಾದ. ಇದು ಬರೀ ಅವರ ವಾದ ಅಲ್ಲ, ಕಾರು ಕಡಿಮೆ ಓಡಿಸುವ ಅರ್ಧ ಊರಿನ ವಾದ. ಆದರೆ ಕೈಪಿಡಿಯಲ್ಲಿ ಕಿಲೋಮೀಟರ್ ಜೊತೆಗೆ ತಿಂಗಳನ್ನೂ ಬರೆದಿರುತ್ತಾರೆ. ಹತ್ತು ಸಾವಿರ ಕಿಲೋಮೀಟರ್ ಅಥವಾ ಹನ್ನೆರಡು ತಿಂಗಳು, ಯಾವುದು ಮೊದಲೋ ಅದು. ಎಂಜಿನ್ ಒಳಗೆ ಹೋದ ಆಯಿಲ್ ನೀರು, ಉರಿಯದ ಪೆಟ್ರೋಲ್, ಆಮ್ಲ ಎಲ್ಲವನ್ನೂ ಹೊತ್ತುಕೊಳ್ಳಬೇಕು. ಆಮ್ಲವನ್ನು ತಟಸ್ಥ ಮಾಡುವ ಸೇರ್ಪಡೆ ಅದರಲ್ಲಿ ಇಷ್ಟೇ ಎಂದು ಇರುತ್ತದೆ. ಖರ್ಚಾದರೆ ಖರ್ಚಾಯಿತು. ಹತ್ತಿರದ ಓಡಾಟದಲ್ಲಿ ಅದು ಬೇಗ ಖರ್ಚಾಗುತ್ತದೆ. ಈಗ ಪೆಟ್ರೋಲಿಗೆ ಎಥನಾಲ್ ಸೇರುತ್ತಿದೆ. ಎಥನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು. ತಣ್ಣಗೇ ಓಡುವ ಎಂಜಿನ್ನಿಗೆ ಇದರಿಂದ ಚಿಂತೆ ಕಡಿಮೆಯಂತೂ ಆಗುವುದಿಲ್ಲ.

ಕಾರಣ ಸ್ಪಷ್ಟವಾಯಿತು. ಗ್ಯಾಸ್ಕೆಟ್ ಚೆನ್ನಾಗಿದೆ. ಡಬ್ಬಿಯ ಪಾಲು ಲೆಕ್ಕಕ್ಕಿಲ್ಲದಷ್ಟು. ಹತ್ತಿರದ ಓಡಾಟ, ಹಳೆಯ ಆಯಿಲ್ ಇವೆರಡೂ ಸೇರಿ ಆದದ್ದು ಇದು. ಆದರೂ ಆ ಡಬ್ಬಿಯನ್ನು ನೋಡಲೇಬೇಕು ಅನ್ನಿಸಿತು. ಹೊಸ ಆಯಿಲ್ ಹಾಕುವುದು ಅದೇ ಕೋಣೆಯಿಂದ ತಾನೇ?

ಕೋಣೆ ಮತ್ತು ಡಬ್ಬಿಗಳು

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಉಪ್ಪು ಕರಗುತ್ತದೆ. ಅಂಥ ಗಾಳಿಯಲ್ಲಿ ಈ ಕೋಣೆ. ಮೇಲೆ ಶೀಟು. ಏಪ್ರಿಲಿನಲ್ಲಿ ಒಳಗೆ ನಿಂತರೆ ಬೆವರು ಇಳಿಯುತ್ತದೆ. ಒಂದು ಮೂಲೆಯಲ್ಲಿ ಮೈಲುತುತ್ತಿನ ಚೀಲ, ಸುಣ್ಣದ ಚೀಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೇಕಲ್ಲ, ಅದು. ತೂಕ ಮಾಡುವುದೂ ಅಲ್ಲೇ. ಹಾಗಾಗಿ ಎಲ್ಲದರ ಮೇಲೂ ತೆಳ್ಳಗೆ ನೀಲಿ ಪುಡಿ ಕೂತಿತ್ತು. ಆಯಿಲ್ ಡಬ್ಬಿಗಳ ಮುಚ್ಚಳದ ಅಂಚಿನಲ್ಲಿ ಕೂಡ.

ಆ ನೀಲಿ ಪುಡಿಯನ್ನು ಹಗುರವಾಗಿ ಕಾಣಬಾರದು. ಮೈಲುತುತ್ತಿನಲ್ಲಿರುವುದು ತಾಮ್ರ. ತಾಮ್ರ ಆಯಿಲ್‌ಗೆ ಸೇರಿದರೆ ಆಯಿಲ್ ಬೇಗ ಆಕ್ಸಿಡೀಕರಣಗೊಳ್ಳಲು (ಆಮ್ಲಜನಕ ಸೇರಿ ಹಾಳಾಗಲು) ಅದೇ ಪ್ರೇರಕವಾಗುತ್ತದೆ. ಮುಚ್ಚಳ ತಿರುಗಿಸುವಾಗ ಅಂಚಿನ ಪುಡಿ ನೇರ ಒಳಗೆ ಬೀಳುತ್ತದೆ. ಯಾವ ಡಬ್ಬಿಯನ್ನೂ ತೆರೆಯುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿದೆವು.

ಟಾಪ್ ಅಪ್‌ಗೆ ಬಳಸಿದ ಡಬ್ಬಿ ಕಿಟಕಿಯ ಹತ್ತಿರ ಇತ್ತು. 4 ಲೀಟರಿನದ್ದು. ಎಂಜಿನ್ನಿಗೆ ಹಿಡಿಯುವುದು ಮೂರು ಲೀಟರ್ ಚಿಲ್ಲರೆ. ಉಳಿದದ್ದು ಎರಡು ವರ್ಷದಿಂದ ಅಲ್ಲೇ. ಒಳಗಿನ ಫಾಯಿಲ್ ಸೀಲ್ ಹರಿದಿತ್ತು. ಮುಚ್ಚಳ ಸುಮ್ನೆ ಇಟ್ಟಂತಿತ್ತು, ಬಿಗಿ ಮಾಡಿರಲಿಲ್ಲ. ಡಬ್ಬಿಯಲ್ಲಿ ಆಯಿಲ್ ಕಡಿಮೆ, ಗಾಳಿ ಜಾಸ್ತಿ. ಹಗಲು ಬಿಸಿಗೆ ಆ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಹೊರಗಿನ ಒದ್ದೆ ಗಾಳಿ ಒಳಗೆ ಬರುತ್ತದೆ. ಎರಡು ಮಳೆಗಾಲ ಹೀಗೇ ನಡೆದಿದೆ.

ಉಳಿದದ್ದನ್ನು ಒಂದು ಗಾಜಿನ ಬಾಟಲಿಗೆ ಸುರಿದು ಬೆಳಕಿಗೆ ಹಿಡಿದೆವು. ಸ್ವಲ್ಪ ಮಬ್ಬು. ಆಮೇಲೆ ಬಿಸಿ ತಟ್ಟೆಯ ಪರೀಕ್ಷೆ. ದಪ್ಪ ಲೋಹದ ತಟ್ಟೆಯನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಒಂದು ಹನಿ ಆಯಿಲ್ ಬಿಡಬೇಕು. ಆಯಿಲ್‌ನಲ್ಲಿ ನೀರಿದ್ದರೆ ಚಟಪಟ ಸದ್ದು ಬಂದು ಗುಳ್ಳೆ ಏಳುತ್ತದೆ. ನೀರಿಲ್ಲದಿದ್ದರೆ ಸದ್ದಿಲ್ಲದೆ ಹರಡಿಕೊಳ್ಳುತ್ತದೆ. ಬಯಲಿನಲ್ಲಿ ಮಾಡಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಎಂಜಿನ್ನಿನಿಂದ ಇಳಿಸಿದ ಆಯಿಲ್‌ನಲ್ಲಿ ಪೆಟ್ರೋಲ್ ಸೇರಿರಬಹುದಾದ್ದರಿಂದ ಅದರ ಮೇಲೆ ಈ ಪರೀಕ್ಷೆ ಬೇಡ. ಈ ಡಬ್ಬಿಯ ಹನಿ ಚಟಪಟ ಅಂದಿತು. ಅಲ್ಲಿಗೆ ಅದು ಯಾವ ಎಂಜಿನ್ನಿಗೂ ಬೇಡ ಎಂದು ತೀರ್ಮಾನ. ನೀರು ಆವಿಯಾಗಿ ಹೋಗುತ್ತದಲ್ಲ, ಕಾಯಿಸಿ ಬಳಸಬಹುದಾ ಎಂದು ಅಣ್ಣ ಕೇಳಿದರು. ನೀರು ಹೋಗಬಹುದು. ಆದರೆ ಸವೆತ ತಡೆಯುವ ಸತುವಿನ ಸೇರ್ಪಡೆಯನ್ನು ನೀರು ಅಷ್ಟರಲ್ಲಿ ಒಡೆದಿರುತ್ತದೆ. ಅದನ್ನು ಕಾಯಿಸಿ ವಾಪಸ್ ತರಲು ಆಗುವುದಿಲ್ಲ.

ಅದೇ ಕಂಪನಿಯ, ಅದೇ ಗ್ರೇಡಿನ ಎರಡು ಡಬ್ಬಿಗಳು ಸೀಲ್ ಒಡೆಯದೆ ಕೆಳಗಿನ ಮರದ ಹಲಗೆಯ ಮೇಲಿದ್ದವು. ಮಂದದ ಗ್ರೇಡ್ 5ಡಬ್ಲ್ಯು-30, ಗುಣಮಟ್ಟದ ದರ್ಜೆ ಎಪಿಐ ಎಸ್‌ಎನ್. ತಯಾರಾದದ್ದು 2020ರ ಆಗಸ್ಟ್. ಇವುಗಳ ಮೇಲೆ ಅಣ್ಣನಿಗೆ ನಂಬಿಕೆ ಕಡಿಮೆ. ನಾಲ್ಕು ವರ್ಷ ಹಳೆಯದಾಯಿತಲ್ಲ, ಬಿಸಾಡುವುದೇ ಒಳ್ಳೆಯದು ಎಂದರು. ನನಗೆ ಇಲ್ಲೇ ಅವರನ್ನು ತಡೆಯಬೇಕಾಯಿತು. ತೆರೆದ ಡಬ್ಬಿಯನ್ನು ನಂಬಿ ಎಂಜಿನ್ನಿಗೆ ಸುರಿದವರು, ಸೀಲ್ ಇದ್ದ ಡಬ್ಬಿಯನ್ನು ಬಿಸಾಡಲು ಹೊರಟಿದ್ದರು.

ಸೀಲ್ ಇರುವ ಡಬ್ಬಿಯೊಳಗೆ ಆಯಿಲ್ ಹಾಳಾಗುವುದು ತುಂಬಾ ನಿಧಾನ. ಎಂಜಿನ್ ಒಳಗಿನ ನೂರು ಡಿಗ್ರಿ ಎಲ್ಲಿ, ಕೋಣೆಯ ಮೂವತ್ತೈದು ಡಿಗ್ರಿ ಎಲ್ಲಿ? ಹತ್ತು ಡಿಗ್ರಿ ಬಿಸಿ ಏರಿದರೆ ಆಕ್ಸಿಡೀಕರಣದ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎನ್ನುವುದು ಆಯಿಲ್ ಕೆಲಸದವರ ಸಾಮಾನ್ಯ ಲೆಕ್ಕ. ಮೊಬಿಲ್ ಥರದ ಕಂಪನಿಗಳು ಸೀಲ್ ಇದ್ದ ಡಬ್ಬಿಗೆ ಐದು ವರ್ಷ ಎನ್ನುತ್ತವೆ. ಕೆಲವರು ಇನ್ನೂ ಕಡಿಮೆ ಹೇಳುತ್ತಾರೆ. ಆಯಾ ಕಂಪನಿ ಏನು ಹೇಳುತ್ತದೋ ಅದನ್ನೇ ಹಿಡಿಯಬೇಕು. ಈ ಅವಧಿ ಮುಖ್ಯವಾಗಿ ಸೇರ್ಪಡೆಗಳ ಕಾರಣಕ್ಕೆ. ಒಂದು ಡಬ್ಬಿ ಆಯಿಲ್ ಎಂದರೆ ಪೂರ್ತಿ ಬೇಸ್ ಆಯಿಲ್ (ಏನೂ ಬೆರೆಸದ ಮೂಲ ಎಣ್ಣೆ) ಅಲ್ಲ. ಕೊಳೆ ತೊಳೆಯುವ, ಮಸಿಯನ್ನು ತೇಲಿಸಿಡುವ, ಸವೆತ ತಡೆಯುವ, ನೊರೆ ತಡೆಯುವ ರಾಸಾಯನಿಕಗಳು ಅದರಲ್ಲಿ ಕರಗಿರುತ್ತವೆ. ವರ್ಷಗಟ್ಟಲೆ ಅಲುಗದೆ ಇದ್ದರೆ, ಅದರಲ್ಲೂ ಬಿಸಿ ತಣ್ಣಗೆ ಜಾಸ್ತಿ ಆಗುವ ಜಾಗದಲ್ಲಿದ್ದರೆ, ಕೆಲವು ತಳ ಸೇರಬಹುದು. ಫುಲ್ ಸಿಂಥೆಟಿಕ್ ಎಂಬ ಹೆಸರು ಇದರಿಂದ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಆ ಹೆಸರಿನಡಿಯಲ್ಲಿ ರಾಸಾಯನಿಕ ಕ್ರಿಯೆಯಿಂದ ತಯಾರಿಸಿದ ಪಿಎಒ ಎಂಬ ಬೇಸ್ ಆಯಿಲ್ ಆಧಾರದ್ದೂ ಇರುತ್ತದೆ, ಕಚ್ಚಾ ತೈಲವನ್ನೇ ಹೈಡ್ರೋಜನ್ ಒತ್ತಡದಲ್ಲಿ ಒಡೆದು ಶುದ್ಧ ಮಾಡಿದ, ಗ್ರೂಪ್ 3 ಎಂದು ಕರೆಯುವ ಬೇಸ್ ಆಯಿಲ್ ಕೂಡ ಇರುತ್ತದೆ. 1999ರಲ್ಲಿ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಇದೇ ತಕರಾರು ನಡೆದು, ಗ್ರೂಪ್ 3ನ್ನೂ ಸಿಂಥೆಟಿಕ್ ಎಂದು ಮಾರಬಹುದು ಎಂದಾಯಿತು. ಎರಡೂ ಒಳ್ಳೆಯ ಆಯಿಲ್‌ಗಳೇ. ಆದರೆ ಸೇರ್ಪಡೆ ಇಲ್ಲದೆ ಯಾವುದೂ ಎಂಜಿನ್ನಿಗೆ ಆಗುವುದಿಲ್ಲ.

ಹಾಗಾಗಿ ನೋಡಿ ತೀರ್ಮಾನಿಸಿದೆವು. ಒಂದು ಡಬ್ಬಿಯನ್ನು ಅಲುಗಿಸದೆ ತೆರೆದು ಮೇಲಿನ ಆಯಿಲ್ ಸ್ವಲ್ಪ ತೆಗೆದೆವು. ಆಮೇಲೆ ಉಳಿದದ್ದನ್ನು ಸ್ವಚ್ಛ ಪಾತ್ರೆಗೆ ನಿಧಾನ ಸುರಿದು ತಳದ ಆಯಿಲ್ ಬೇರೆ ಬಾಟಲಿಗೆ ತೆಗೆದೆವು. ಎರಡು ಬಾಟಲಿ ಪಕ್ಕಪಕ್ಕ ಇಟ್ಟರೆ ಬಣ್ಣ ಒಂದೇ. ತಳದಲ್ಲಿ ಗಸಿ ಇಲ್ಲ. ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ನೋಡಿದಾಗಲೂ ನೀರು ಬೇರೆಯಾಗಿರಲಿಲ್ಲ. ಬಿಸಿ ತಟ್ಟೆಯಲ್ಲಿ ಸದ್ದಿಲ್ಲ. ಇದು ಬಳಸಲು ಯೋಗ್ಯ. ಗಸಿ ಸ್ವಲ್ಪ ಇದ್ದು, ಡಬ್ಬಿಯನ್ನು ತಲೆಕೆಳಗು ಮಾಡಿ ಕುಲುಕಿದಾಗ ಪೂರ್ತಿ ಬೆರೆತರೆ ಅದನ್ನೂ ಬಳಸಬಹುದು. ಬೆರೆಯದೆ ಉಳಿದರೆ ಬೇಡ.

ಹೊರಗೆ ಸೂರಿನಡಿ ಟಿಲ್ಲರಿಗೆಂದು ತಂದ 15ಡಬ್ಲ್ಯು-40 ಡೀಸೆಲ್ ಆಯಿಲ್‌ನ 20 ಲೀಟರ್ ಬಕೆಟ್ ನಿಂತಿತ್ತು. ಅದು ಸಿಂಥೆಟಿಕ್ ಅಲ್ಲ, ಸಾದಾ ಆಯಿಲ್. ಆದರೆ ಪಾಠ ಅದರಲ್ಲೇ ಜಾಸ್ತಿ ಇತ್ತು. ಬಕೆಟ್ಟಿನ ಮುಚ್ಚಳ ಅಂಚಿಗಿಂತ ಸ್ವಲ್ಪ ತಗ್ಗು. ಮಳೆಯ ಇರಚಲು ಬಿದ್ದು ಅಲ್ಲಿ ನೀರು ನಿಂತಿತ್ತು. ರಾತ್ರಿ ಒಳಗಿನ ಗಾಳಿ ಕುಗ್ಗಿದಾಗ ಎಳೆದುಕೊಳ್ಳುವುದು ಆ ನೀರನ್ನೇ. ತಳದಿಂದ ಎತ್ತಿದ ಆಯಿಲ್ ಬೆಳ್ಳಗೆ ಕದಡಿತ್ತು. ಬ್ಯಾರೆಲ್ ಹೊರಗೆ ಇಡಲೇಬೇಕಾದರೆ ಅಡ್ಡ ಮಲಗಿಸಿ, ಎರಡು ಬಿರಡೆಗಳೂ ಒಂದೇ ಎತ್ತರದಲ್ಲಿ, ಆಯಿಲ್ ಮಟ್ಟದ ಕೆಳಗೆ ಬರುವಂತೆ ಇಡಬೇಕು. ಆಗ ಬಿರಡೆಯ ಹಿಂದೆ ಆಯಿಲ್ ಇರುತ್ತದೆ, ಗಾಳಿ ಎಳೆಯಲು ದಾರಿ ಇರುವುದಿಲ್ಲ. ಪ್ಲಾಸ್ಟಿಕ್ ಬಕೆಟ್ಟನ್ನು ಹಾಗೆ ಮಲಗಿಸಲು ಆಗುವುದಿಲ್ಲ. ಅದನ್ನು ಒಳಗೇ ಇಡಬೇಕು.

ಇನ್ನೊಂದು ಒಂದು ಲೀಟರಿನ ಡಬ್ಬಿ ಇತ್ತು. ದಾರಿ ಬದಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿದ್ದಂತೆ. ತಯಾರಾದ ತಿಂಗಳು, ವರ್ಷ ಅಚ್ಚಾಗಿರಲಿಲ್ಲ. ಪ್ಯಾಕ್ ಮಾಡಿ ಮಾರುವ ಸರಕಿನ ಮೇಲೆ ಅದು ಇರಲೇಬೇಕೆಂದು ನಮ್ಮ ದೇಶದಲ್ಲಿ ನಿಯಮ ಇದೆ. ಬ್ಯಾಚ್ ನಂಬರ್ ಉಜ್ಜಿದಂತಿತ್ತು. ಇಂಥದ್ದನ್ನು ಪರೀಕ್ಷೆ ಮಾಡುತ್ತಾ ಕೂರಬಾರದು.

ಒಂದೇ 5ಡಬ್ಲ್ಯು-30, ಬೇರೆ ಬೇರೆ ಆಯಿಲ್

ಪೆಟ್ರೋಲ್ ಕಾರಿಗೆ ಒಂದು ಡಬ್ಬಿ ಸಾಕು, ಇನ್ನೊಂದನ್ನು ಎಸ್‌ಯುವಿಗೆ ಹಾಕೋಣ ಎಂದು ಅಣ್ಣ ಹೇಳಿದರು. ಅದಕ್ಕೂ ಕೈಪಿಡಿಯಲ್ಲಿ 5ಡಬ್ಲ್ಯು-30 ಎಂದೇ ಬರೆದಿತ್ತು. ಸಿಂಥೆಟಿಕ್ ಆಯಿಲ್ ಬಳಸುವವರು ಹೆಚ್ಚು ಎಡವುವುದು ಇಲ್ಲೇ. ಇಡೀ ಪ್ರಕರಣದಲ್ಲಿ ನನಗೆ ನಿಜವಾಗಿ ಹೆದರಿಕೆ ತಂದದ್ದೂ ಇದೇ ಮಾತು.

5ಡಬ್ಲ್ಯು-30 ಎನ್ನುವುದು ಬರೀ ಮಂದದ ಅಳತೆ. ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ ಮಾಡಿದ ಪಟ್ಟಿಯ ಪ್ರಕಾರ 30 ಎಂದರೆ 100 ಡಿಗ್ರಿಯಲ್ಲಿ ಆಯಿಲ್‌ನ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ಮಂದ ಅಳೆಯುವ ಮಾನ) ಒಳಗೆ ಇರಬೇಕು. 5ಡಬ್ಲ್ಯು ಎಂದರೆ ಮೈನಸ್ 30 ಡಿಗ್ರಿ ಚಳಿಯಲ್ಲೂ ಎಂಜಿನ್ ತಿರುಗುವಷ್ಟು ತೆಳುವಾಗಿರಬೇಕು. ಪುತ್ತೂರಿನಲ್ಲಿ ಅಂಥ ಚಳಿ ಇಲ್ಲ ನಿಜ. ಆದರೂ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಬೇಗ ಮೇಲಕ್ಕೆ ಏರಲು ಅದು ಸಹಾಯ ಮಾಡುತ್ತದೆ. ಆಯಿಲ್ ಒಳಗೆ ಏನೇನು ಬೆರೆಸಿದ್ದಾರೆ ಎಂದು ಈ ಅಂಕೆ ಹೇಳುವುದಿಲ್ಲ. ಅದನ್ನು ಹೇಳುವುದು ಅಮೆರಿಕದ ಎಪಿಐ, ಯುರೋಪಿನ ಎಸಿಇಎ ಸಂಸ್ಥೆಗಳ ದರ್ಜೆಯ ಅಕ್ಷರಗಳು.

ಆ ಎರಡು ಡಬ್ಬಿಗಳ ಹಿಂದೆ ಎಸಿಇಎ ಎ3/ಬಿ4 ಎಂದಿತ್ತು. ಎಸ್‌ಯುವಿಯ ಕೈಪಿಡಿ ಕೇಳುವುದು ಸಿ3. ವ್ಯತ್ಯಾಸ ಬೂದಿಯಲ್ಲಿದೆ. ಆಯಿಲ್‌ನ ಲೋಹದ ಸೇರ್ಪಡೆಗಳು ಉರಿದರೆ ಬೂದಿ ಉಳಿಯುತ್ತದೆ. ಸಿ3 ಆಯಿಲ್‌ನಲ್ಲಿ ಅದು ನೂರಕ್ಕೆ 0.8 ದಾಟುವಂತಿಲ್ಲ. ಎ3/ಬಿ4ನಲ್ಲಿ 1.0ರಿಂದ 1.6ರವರೆಗೆ ಇರುತ್ತದೆ. ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದದ್ದು 2020ರ ಏಪ್ರಿಲ್ 1ಕ್ಕೆ. ಆಗಿನಿಂದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಸಾಮಾನ್ಯವಾಯಿತು. ಅದರಲ್ಲಿ ಕೂರುವ ಮಸಿಯನ್ನು ಕಾರು ತಾನೇ ಸುಮಾರು 600 ಡಿಗ್ರಿ ಬಿಸಿ ಮಾಡಿ ಸುಡುತ್ತದೆ. ಬೂದಿ ಹಾಗೆ ಸುಟ್ಟು ಹೋಗುವುದಿಲ್ಲ. ಕೂತದ್ದು ಕೂತಲ್ಲೇ. ಬೂದಿ ಜಾಸ್ತಿ ಇರುವ ಆಯಿಲ್ ಹಾಕುತ್ತಾ ಹೋದರೆ ಫಿಲ್ಟರ್ ಬೇಗ ಕಟ್ಟುತ್ತದೆ. ಅದರ ಬೆಲೆ ಕೇಳಿದರೆ ಆಯಿಲ್‌ನಲ್ಲಿ ಉಳಿಸಿದ ದುಡ್ಡು ಏನೂ ಅಲ್ಲ.

ಎಸ್‌ಯುವಿಯ ಡಿಪ್‌ಸ್ಟಿಕ್ ಎಳೆದಾಗ ಇನ್ನೊಂದು ವಿಷಯ ಕಂಡಿತು. ಆಯಿಲ್ ಮೇಲಿನ ಗುರುತಿಗಿಂತ ಮೇಲೆ ಇತ್ತು. ಯಾರೂ ಹಾಕಿರಲಿಲ್ಲ. "ಕಡಿಮೆ ಆಗಲಿಲ್ಲವಲ್ಲ, ಒಳ್ಳೆಯದೇ ಅಲ್ವಾ?" ಎಂದರು ಅಣ್ಣ. ಒಳ್ಳೆಯದಲ್ಲ. ಫಿಲ್ಟರಿನ ಮಸಿ ಸುಡಲು ಎಂಜಿನ್ ಸಿಲಿಂಡರಿಗೆ ತಡವಾಗಿ ಒಂದಿಷ್ಟು ಡೀಸೆಲ್ ಚಿಮ್ಮಿಸುತ್ತದೆ. ಅದರಲ್ಲಿ ಸ್ವಲ್ಪ ಗೋಡೆಗೆ ತಾಗಿ ರಿಂಗುಗಳ ಸಂದಿಯಿಂದ ಆಯಿಲ್‌ಗೆ ಇಳಿಯುತ್ತದೆ. ಸುಡುವ ಕೆಲಸ ಮುಗಿಯುವ ಮೊದಲೇ ಗಾಡಿ ಆಫ್ ಮಾಡಿದರೆ, ಮುಂದಿನ ಸಲ ಮತ್ತೆ ಮೊದಲಿನಿಂದ ಶುರು. ಹೀಗೆ ಡೀಸೆಲ್ ಸೇರುತ್ತಾ ಆಯಿಲ್ ತೆಳುವಾಗುತ್ತದೆ, ಮಟ್ಟ ಏರುತ್ತದೆ. ಪೆಟ್ರೋಲ್ ಹಾಗೆ ಡೀಸೆಲ್ ಬೇಗ ಆವಿಯಾಗಿ ಹೋಗುವುದೂ ಇಲ್ಲ. ಈ ಗಾಡಿಯ ಆಯಿಲ್ ಕೂಡಲೇ ಬದಲಿಸಬೇಕಾಗಿತ್ತು. ಸಿ3 ಎಂದು ಸ್ಪಷ್ಟವಾಗಿ ಬರೆದ ಹೊಸ ಆಯಿಲ್ ತಂದೇ ಬದಲಿಸಿದೆವು. ಕೋಣೆಯದ್ದನ್ನು ಮುಟ್ಟಲಿಲ್ಲ.

ಬೈಕಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಾರಿನ ಆಯಿಲ್ ಉಳಿದರೆ ಬೈಕಿಗೆ ಸುರಿಯುವುದು ಹಲವು ಮನೆಗಳಲ್ಲಿ ಉಂಟು. ಗೇರ್ ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಇಂಧನ ಉಳಿಸಲೆಂದು ಜಾರುವ ಸೇರ್ಪಡೆ ಹಾಕಿದ ಕಾರ್ ಆಯಿಲ್ ಅದಕ್ಕೆ ಬಿದ್ದರೆ ಕ್ಲಚ್ ಜಾರಬಹುದು. ಬೈಕಿನ ಡಬ್ಬಿಯ ಮೇಲೆ ಜಪಾನಿನ ಜಾಸೊ ಸಂಸ್ಥೆಯ ದರ್ಜೆ ಎಂಎ ಅಥವಾ ಎಂಎ2 ಎಂದಿರುವುದು ಅದಕ್ಕೇ.

ಏನು ಮಾಡಿದೆವು

ಪೆಟ್ರೋಲ್ ಕಾರನ್ನು ಮೊದಲು ಮಾಣಿ-ಮೈಸೂರು ಹೆದ್ದಾರಿಯಲ್ಲಿ ಸುಳ್ಯದ ಕಡೆಗೆ ಓಡಿಸಿ ತಂದೆವು. ಆಯಿಲ್ ಸರಿಯಾಗಿ ಬಿಸಿಯಾದರೆ ಕೊಳೆಯೂ ನೀರೂ ಜೊತೆಗೆ ಇಳಿಯುತ್ತದೆ. ಬಂದ ಮೇಲೆ ಸ್ವಲ್ಪ ಆರಲು ಬಿಟ್ಟು ಡ್ರೈನ್ ನಟ್ ಬಿಚ್ಚಿದೆವು. ಹೊಸ ಆಯಿಲ್ ಫಿಲ್ಟರ್, ನಟ್ಟಿಗೆ ಹೊಸ ವಾಷರ್ ಹಾಕಿದೆವು. ಮುಚ್ಚಳದ ಲೋಳೆ ಒರೆಸಿ ತೆಗೆದೆವು. ಪಿಸಿವಿ ವಾಲ್ವ್ ಕಟ್ಟಿಲ್ಲ ಎಂದು ನೋಡಿಕೊಂಡೆವು. ಆಮೇಲೆ 2020ರ ಡಬ್ಬಿಯ ಆಯಿಲ್ ಹಾಕಿದೆವು. ಮೊದಲೇ ಪೂರ್ತಿ ಸುರಿಯಲಿಲ್ಲ. ಮೂರು ಲೀಟರ್ ಹಾಕಿ, ಎಂಜಿನ್ ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಆಯಿಲ್ ಕೆಳಗೆ ಇಳಿದ ಮೇಲೆ ಡಿಪ್‌ಸ್ಟಿಕ್ ನೋಡಿ ಉಳಿದದ್ದು. ಮೇಲಿನ ಗುರುತು ದಾಟಿದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಎಂಬ ಭಾಗ ಆಯಿಲ್ ಅನ್ನು ಕಡೆದು ನೊರೆ ಎಬ್ಬಿಸುತ್ತದೆ. ಅದು ಕಡಿಮೆ ಇದ್ದಷ್ಟೇ ಕೆಟ್ಟದ್ದು.

ಎರಡನೆಯ ಡಬ್ಬಿಗೆ 2025ರ ಆಗಸ್ಟಿಗೆ ಐದು ವರ್ಷ ತುಂಬುತ್ತದೆ. ಅಕ್ಟೋಬರಿನವರೆಗೆ ಕಾದರೆ ಅವಧಿ ಮೀರುತ್ತದೆ. ಈ ಕಾರಿನ ಓಡಾಟಕ್ಕೆ ಮಳೆಗಾಲಕ್ಕೆ ಮೊದಲು ಹೊಸ ಆಯಿಲ್ ಹಾಕುವುದೇ ಒಳ್ಳೆಯದು. ಹಾಗಾಗಿ 2025ರ ಮೇ ತಿಂಗಳಲ್ಲಿ ಹಾಕುವುದೆಂದು ಡಬ್ಬಿಯ ಮೇಲೆ ಬರೆದಿಟ್ಟೆವು. ಹಾಗೇ ಮಾಡಿದೆವು. ಆಗ ಮುಚ್ಚಳ ತೆರೆದರೆ ಲೋಳೆ ಇರಲಿಲ್ಲ. ಅಷ್ಟು ತಿಂಗಳಲ್ಲಿ ಕೂಲಂಟ್ ಒಂದು ಹನಿ ಹಾಕಬೇಕಾಗಿ ಬಂದಿಲ್ಲ. ಹೆಡ್ ಇಳಿಸಲಿಲ್ಲ. ವಾರಕ್ಕೊಮ್ಮೆ ಅಣ್ಣ ಎರಡರಲ್ಲಿ ಒಂದು ಗಾಡಿಯನ್ನು ಹೆದ್ದಾರಿಗೆ ತೆಗೆದುಕೊಂಡು ಹೋಗಿ ಮುಕ್ಕಾಲು ಗಂಟೆ ಓಡಿಸಿ ಬರುತ್ತಾರೆ. ಡೀಸೆಲ್ ಗಾಡಿಗೆ ಇದು ಇನ್ನೂ ಮುಖ್ಯ. ಡಿಪಿಎಫ್ ಸುಡುವ ಕೆಲಸ ಪೂರ್ತಿಯಾಗಲು ಅಷ್ಟು ಹೊತ್ತು ಒಂದೇ ಓಟ ಬೇಕು.

ಉಳಿದ ಆಯಿಲ್ ಇಡುವ ಜಾಗ ಬದಲಾಯಿತು. ಶೀಟಿನ ಕೋಣೆಯಿಂದ ಮನೆಯೊಳಗೆ, ಹೆಂಚಿನ ಕೆಳಗಿನ ಒಂದು ಗೋಡೆ ಕಪಾಟಿಗೆ. ಅಲ್ಲಿ ಬಿಸಿಲು ಬೀಳುವುದಿಲ್ಲ, ನೆಲದ ತೇವ ಇಲ್ಲ, ಮೈಲುತುತ್ತು ಇಲ್ಲ. ಹಳೆಯ ತಾರೀಕಿನ ಡಬ್ಬಿ ಮುಂದೆ, ಹೊಸದು ಹಿಂದೆ. ತೆರೆದ ದಿನ ಡಬ್ಬಿಯ ಮೇಲೆ ಬರೆಯುವುದು. ನಮ್ಮ ಕಡೆಯ ಮಳೆಗೆ ತೆರೆದ ಡಬ್ಬಿಯನ್ನು ಒಂದು ಮಳೆಗಾಲ ದಾಟಿಸಬಾರದು ಎನ್ನುವುದು ನನ್ನ ಅಭಿಪ್ರಾಯ. ಬಯಲುಸೀಮೆಯ ಒಣ ಗಾಳಿಯಲ್ಲಿ, ಮುಚ್ಚಳ ಬಿಗಿಯಾಗಿದ್ದರೆ ಒಂದು ವರ್ಷದವರೆಗೆ ನೋಡಬಹುದೇನೋ. ಟಾಪ್ ಅಪ್‌ಗೆ ಬೇಕಾದರೆ ಒಂದು ಲೀಟರಿನ ಸೀಲ್ ಪ್ಯಾಕ್ ಇಟ್ಟುಕೊಳ್ಳುವುದೇ ಸುಲಭ. ಉಳಿದದ್ದನ್ನು ನೀರಿನ ಬಾಟಲಿಗೆ ತುಂಬಿಸಿಡುವ ಅಭ್ಯಾಸ ಅಣ್ಣನ ಮನೆಯಲ್ಲೂ ಇತ್ತು. ಮಕ್ಕಳು ಓಡಾಡುವ ಮನೆ. ಬಂಗಾರದ ಬಣ್ಣದ ಆಯಿಲ್ ಬಾಟಲಿಯಲ್ಲಿದ್ದರೆ ಏನೆಂದು ತಿಳಿದಾರು? ಅದನ್ನು ನಿಲ್ಲಿಸಿಬಿಟ್ಟೆವು. ಮಗನಿಗೂ ಫೋನ್ ಮಾಡಿ ಹೇಳಿದೆ: ಆಫರ್ ನೋಡಿ ಮೂರು ನಾಲ್ಕು ಡಬ್ಬಿ ತರಿಸುವುದು ಬೇಡ, ಮುಂದಿನ ಒಂದು ಸರ್ವಿಸ್‌ಗೆ ಬೇಕಾದಷ್ಟು ಸಾಕು. ಗ್ರೇಡ್ ಜೊತೆಗೆ ಹಿಂದಿನ ಅಕ್ಷರಗಳನ್ನು ಕೈಪಿಡಿಯ ಜೊತೆ ತಾಳೆ ನೋಡು.

ಇಳಿಸಿದ ಆಯಿಲ್

ಇದು ಅಣ್ಣನ ಜೊತೆ ಸ್ವಲ್ಪ ಚರ್ಚೆಗೆ ಬಂದ ವಿಷಯ. ಸುಟ್ಟ ಆಯಿಲ್ ಬಿಸಾಡುವ ಪದ್ಧತಿಯೇ ನಮ್ಮಲ್ಲಿ ಇಲ್ಲ. ಕೊಟ್ಟಿಗೆಯ ಕಂಬಕ್ಕೆ ಗೆದ್ದಲು ಹತ್ತದಂತೆ ಬಳಿಯುತ್ತಾರೆ. ಸೆಂಟ್ರಿಂಗ್ ಹಲಗೆಗೆ ಹಚ್ಚುತ್ತಾರೆ. ಉಳಿದದ್ದು ತೋಟದ ಬದಿಗೆ. ಆದರೆ ಎಂಜಿನ್ನಿನಲ್ಲಿ ಕಾದ ಆಯಿಲ್‌ನಲ್ಲಿ ಸವೆದ ಲೋಹದ ಕಣಗಳಿರುತ್ತವೆ, ಕ್ಯಾನ್ಸರ್ ತರುವ ಸಂಯುಕ್ತಗಳಿರುತ್ತವೆ. ಬರಿಗೈಯಲ್ಲಿ ಮತ್ತೆ ಮತ್ತೆ ಮುಟ್ಟಬಾರದು. ತೋಟದ ಬದಿಗೆ ಸುರಿದದ್ದು ಮಳೆಗೆ ತೋಡಿಗೆ ಇಳಿಯುತ್ತದೆ. ಕುಡಿಯುವ ಬಾವಿ ಅಲ್ಲೇ ಕೆಳಗಿದೆ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಸಂಸ್ಕರಿಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಹಳೆಯದನ್ನು ವಾಪಸ್ ಸಂಸ್ಕರಣೆಗೆ ಸೇರಿಸುವ ಹೊಣೆ ಬಂದಿದೆ. ಹಳೆಯ ಆಯಿಲ್ ಕಸವೂ ಅಲ್ಲ. ಸರಿಯಾಗಿ ಶುದ್ಧ ಮಾಡಿದರೆ ಅದರಿಂದ ಮತ್ತೆ ಬೇಸ್ ಆಯಿಲ್ ಸಿಗುತ್ತದೆ.

ಎರಡು ಗಾಡಿಗಳಿಂದ ಇಳಿಸಿದ್ದು, ನೀರು ಸೇರಿದ ಬಕೆಟ್ಟಿನದ್ದು, ತೆರೆದ ಡಬ್ಬಿಯದ್ದು, ಬ್ಯಾಚ್ ನಂಬರ್ ಉಜ್ಜಿದ್ದು, ಎಲ್ಲವನ್ನೂ ಮುಚ್ಚಳ ಇರುವ ಕ್ಯಾನುಗಳಿಗೆ ತುಂಬಿಸಿದೆವು. ನಮ್ಮ ಗ್ಯಾರೇಜಿನ ಹಳೆಯ ಆಯಿಲ್ ಒಯ್ಯುವ, ಅನುಮತಿ ಇರುವವರ ಗಾಡಿ ಬಂದಾಗ ಜೊತೆಗೆ ಕಳಿಸಿದೆ. ಕೊಟ್ಟಿಗೆಯ ಕಂಬಕ್ಕೆ ಏನು ಮಾಡುವುದು ಎಂದು ಅಣ್ಣ ಕೇಳಿದರು. ಗೇರುಬೀಜದ ಸಿಪ್ಪೆಯ ಎಣ್ಣೆ ಹಿಂದಿನಿಂದ ನಮ್ಮ ಕಡೆ ಮರಕ್ಕೆ ಬಳಿಯುತ್ತಾ ಬಂದದ್ದೇ. ಅದೂ ಕೈಗೆ ತಾಗಿದರೆ ಸುಡುತ್ತದೆ, ಗ್ಲೌಸ್ ಹಾಕಿಕೊಂಡೇ ಬಳಿಯಬೇಕು. ಗೇರುಬೀಜದ ಫ್ಯಾಕ್ಟರಿಯಿಂದ ಒಂದು ಕ್ಯಾನ್ ತರಿಸಿ, ಈ ಸಲ ಮಳೆಗೆ ಮೊದಲು ಕಂಬಗಳಿಗೆ ಅದನ್ನೇ ಬಳಿದಿದ್ದಾರೆ.